ಒಂದೂವರೆ ತೋಳಿನ ಸ್ವೆಟರ್

ವಿನಿಪೆಗ್, ಕೆನಡಾ
ಫೆಬ್ರುವರಿ ಕೊನೆಯ ವಾರ

ಪ್ರೀತಿಯ ಚಿನ್ನು,

ಮೊನ್ನೆ ನೀನು ಫೋನಿನಲ್ಲಿ "ಸ್ವೆಟರ್ ಎಲ್ಲಿಗೆ ಬಂತಮ್ಮಾ?" ಎಂದು ಕೇಳಿದಾಗ "ಆಗುತ್ತಿದೆ" ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೊರಳಿದೆ. ಆಮೇಲೆ ಸಮಾಧಾನವಾಗಲಿಲ್ಲ. ಮೂರು ತಿಂಗಳಿಂದ ದಿನವೂ ಮಡಿಲಲ್ಲಿರುವ ಕೆಲಸವನ್ನು ಒಂದೇ ಪದದಲ್ಲಿ ಮುಗಿಸಿಬಿಟ್ಟೆನಲ್ಲ ಎನ್ನಿಸಿತು. ನಿನಗೆ ವಿವರವಾಗಿಯೇ ಹೇಳಬೇಕು.

ಸ್ವೆಟರ್ ಕೊರಳಿನಿಂದ ಶುರುವಾಗಿ ಸೊಂಟದವರೆಗೆ ಇಳಿದಿದೆ. ಎಡತೋಳು ಮುಗಿಯಿತು. ಬಲತೋಳು ಮೊಣಕೈ ಮುಟ್ಟಿದೆ. ಇಷ್ಟು ಹೊತ್ತಿಗೆ ನೀನು ಅದನ್ನು ಹಾಕಿಕೊಂಡು ಮಾಂಟ್ರಿಯಲ್ ಬೀದಿಯಲ್ಲಿ ಓಡಾಡಬೇಕಿತ್ತು. ನವೆಂಬರಿನಲ್ಲಿ ಹೆಣೆದ ಮೊದಲ ಆರು ಅಂಗುಲವನ್ನು ಪೂರ್ತಿ ಬಿಚ್ಚಿದೆ. ಮಾದರಿ ತುಂಡನ್ನು ಹೆಣೆದಾಗ ನಾಲ್ಕು ಅಂಗುಲಕ್ಕೆ 20 ಕುಣಿಕೆ ಬಂದಿತ್ತು, ಅದೇ ಲೆಕ್ಕ ಹಿಡಿದು ಹೊರಟೆ. ತುಂಡನ್ನು ತೊಳೆದು ನೋಡಿದ್ದು ಆಮೇಲೆ. ನೀರು ಕುಡಿದು ಒಣಗಿದ ಉಲ್ಲನ್ ಸಡಿಲಾಗಿ, ನಾಲ್ಕು ಅಂಗುಲಕ್ಕೆ ಹದಿನೆಂಟೇ ಕುಣಿಕೆ ಸಿಕ್ಕಿತು. ಎರಡು ಕುಣಿಕೆ ಏನು ಮಹಾ ಎನ್ನಬೇಡ. 180 ಕುಣಿಕೆಯ ಎದೆಸುತ್ತು 36 ಅಂಗುಲ ಇರಬೇಕಾದದ್ದು 40 ಆಗುತ್ತಿತ್ತು, ಹೆಗಲು ನಿನ್ನ ತೋಳಿನ ಮೇಲೆ ಜಾರಿ ಕೂರುತ್ತಿತ್ತು. ಬಿಚ್ಚಿದ ನೂಲು ಶಾವಿಗೆಯಂತೆ ಸುರುಳಿಯಾಗಿತ್ತು. ಅದನ್ನು ಲಡಿ ಮಾಡಿ, ನೆನೆಸಿ, ಸ್ನಾನದ ಮನೆಯಲ್ಲಿ ತೂಗುಹಾಕಿ, ನೆಟ್ಟಗಾದ ಮೇಲೆ ಮತ್ತೆ ಉಂಡೆ ಸುತ್ತಿದೆ.

ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೇ ಹೊತ್ತು ಮುಳುಗುತ್ತಿತ್ತು. ದೀಪದ ಬೆಳಕಿಗೆ ಹೆಣಿಗೆ ಸಾಕು, ಅದು ಬೆರಳಿಗೇ ಗೊತ್ತು. ಸ್ವೆಟರಿನ ಜೊತೆಗೆ ನಿನಗಾಗಿ ಕ್ರಾಸ್ ಸ್ಟಿಚ್ ಕೂಡ ಹಾಕುತ್ತಿದ್ದೇನೆ, ಎಳೆ ಎಣಿಸಿ ಕತ್ತರಿ ಗುರುತಿನಂತೆ ಹಾಕುವ ಹೊಲಿಗೆ ಅದು. ಅದಕ್ಕೆ ಆ ಬೆಳಕು ಸಾಲದು. ಅದರಲ್ಲೂ ನಾನು ಆರಿಸಿಕೊಂಡದ್ದು ಕಪ್ಪು ಬಟ್ಟೆ. ಧಾರವಾಡದಲ್ಲಿ ನಿನ್ನ ಅಜ್ಜಿ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕುತ್ತಿದ್ದಳು. ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ, ಮುರಗಿ ಎಂಬ ಹೊಲಿಗೆ ಹಾಕಿದರೆ ಹಿಂಬದಿಯೂ ಮುಂಬದಿಯಂತೆಯೇ ಇರಬೇಕು, ಎಲ್ಲೂ ಗಂಟು ಕಾಣಬಾರದು. ನಾವಿಲ್ಲಿ ಕ್ರಾಸ್ ಸ್ಟಿಚ್ ಎನ್ನುವುದನ್ನು ಅವಳು ಮೆಂತಿ ಎನ್ನುತ್ತಿದ್ದಳು, ಮೆಂತ್ಯದ ಕಾಳಿನ ಹೆಸರು ಅದಕ್ಕೆ. ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಕುಳಿತು, ಮಡಿಲಲ್ಲಿ ಅಜ್ಜನ ಬಿಳಿ ಧೋತರ ಹಾಸಿ ಅದರ ಮೇಲೆ ಸೀರೆ ಹರಡುತ್ತಿದ್ದಳು. ಸೀರೆ ಕೊಳೆಯಾಗದಿರಲಿ ಎಂದು ಹಾಗೆ ಮಾಡುತ್ತಾಳೆ ಎಂದುಕೊಂಡಿದ್ದೆ. ಈ ಚಳಿಗಾಲದಲ್ಲಿ ನಾನೇ ಬಿಳಿ ಟವೆಲ್ ಹಾಸಿಕೊಂಡು ಕುಳಿತ ದಿನ ತಿಳಿಯಿತು: ಕಪ್ಪು ಎಳೆಗಳ ನಡುವಿನಿಂದ ಕೆಳಗಿನ ಬಿಳುಪು ಇಣುಕಿ, ಸೂಜಿ ಹೋಗುವ ಜಾಗ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ.

ಅವಳಿಗೆ ಅಂಗಳದ ಬಿಸಿಲಿತ್ತು. ನನಗೆ ಹಿಮವಿದೆ. ಮೈನಸ್ 30 ಇರುವ ದಿನಗಳಲ್ಲೇ ಇಲ್ಲಿ ಆಕಾಶ ಎಷ್ಟೋ ಸಲ ತೊಳೆದಿಟ್ಟಂತೆ ಇರುತ್ತದೆ. ಹನ್ನೊಂದರಿಂದ ಎರಡರವರೆಗೆ ಹಿತ್ತಲಿನ ಹಿಮದಿಂದ ಕಿಟಕಿಗೆ ಏರಿ ಬರುವ ಬೆಳಕಿನಂಥ ಬೆಳಕು ಯಾವ ದೀಪಕ್ಕೂ ಇಲ್ಲ. ಆ ಮೂರು ಗಂಟೆ ಕಪ್ಪು ಬಟ್ಟೆಗೆ, ಸಂಜೆ ನಿನ್ನ ಸ್ವೆಟರಿಗೆ. ಹಾಕುತ್ತಿರುವುದು ತುಳಸಿ ವೃಂದಾವನ, ನಿನ್ನ ಮೇಜಿನ ಮೇಲಿನ ಗೋಡೆಗೆ. ಅಂಗುಲಕ್ಕೆ 14 ಮನೆಯ, ಎಂದರೆ 14 ಪುಟ್ಟ ಚೌಕದ ಬಟ್ಟೆ, ಎಪ್ಪತ್ತು ಮನೆ ಅಗಲ, ಎಪ್ಪತ್ತು ಮನೆ ಎತ್ತರ. ಮುಗಿದಾಗ ಐದಂಗುಲ ಚೌಕ. 2,900 ಹೊಲಿಗೆಯಲ್ಲಿ ನಿನ್ನೆಗೆ 2,140 ಆಯಿತು. ಹೀಟರಿನ ಒಣ ಗಾಳಿಗೆ ಬೆರಳ ತುದಿ ಸೀಳಿ ನೂಲು ಸಿಕ್ಕಿಕೊಳ್ಳುತ್ತದೆ. ಎಣ್ಣೆ ಹಚ್ಚಿದರೆ ಬಟ್ಟೆಗೆ ಕಲೆ, ಹಾಗಾಗಿ ರಾತ್ರಿ ಸೂಜಿ ಎತ್ತಿಟ್ಟ ಮೇಲೆಯೇ ಕೊಬ್ಬರಿ ಎಣ್ಣೆ.

ಇನ್ನು ನೀನು ಹೆಣೆಯುತ್ತಿದ್ದ ಟೋಪಿಯ ವಿಚಾರ. ಆರು ಸಾಲು ಕೆಳಗೆ ತಪ್ಪು ಕಂಡಿತೆಂದು ಅದನ್ನು ಚೀಲಕ್ಕೆ ತುರುಕಿ ಹದಿನೈದು ದಿನವಾಯಿತೆಂದೆ. ಹೊರಗೆ ತೆಗೆ. ಒಂದೇ ಕುಣಿಕೆ ಸೀದಾ ಬದಲು ಉಲ್ಟಾ ಆಗಿದ್ದರೆ ಎಲ್ಲವನ್ನೂ ಬಿಚ್ಚಬೇಕಿಲ್ಲ. ತಪ್ಪಿನ ನೇರಕ್ಕೆ ಮೇಲಿರುವ ಕುಣಿಕೆಯೊಂದನ್ನೇ ಕಡ್ಡಿಯಿಂದ ಜಾರಿಸು. ಅದು ಏಣಿಯಂತೆ ಮೆಟ್ಟಿಲು ಮೆಟ್ಟಿಲು ಬಿಚ್ಚಿಕೊಂಡು ಇಳಿಯುತ್ತದೆ, ಹೆದರಬೇಡ. ತಪ್ಪಿನ ಸಾಲು ಬಿಚ್ಚಿದ ಕೂಡಲೇ ತುದಿಯಲ್ಲಿ ಕೊಕ್ಕೆಯಿರುವ ಕ್ರೋಶೆ ಕಡ್ಡಿಯನ್ನು ಮುಂದಿನಿಂದ ಕುಣಿಕೆಯೊಳಗೆ ತೂರಿಸಿ, ಅದರ ಹಿಂದಿರುವ ಅಡ್ಡ ಎಳೆಯನ್ನು ಹಿಡಿದು ಕುಣಿಕೆಯ ಮೂಲಕ ಮುಂದಕ್ಕೆ ಎಳೆ. ಒಂದು ಮೆಟ್ಟಿಲು ಹತ್ತಿದಂತೆ. ಹೀಗೆ ಆರು ಸಲ. ಕೆಲಸ ಮುಂದುವರಿಸುವ ಮೊದಲು ಬೇರೆ ಬಣ್ಣದ ದಾರವೊಂದನ್ನು ಸೂಜಿಯಲ್ಲಿ ಪೋಣಿಸಿ ಕಡ್ಡಿಯ ಮೇಲಿರುವ ಸಾಲಿನ ಎಲ್ಲ ಕುಣಿಕೆಗಳೊಳಗೂ ಹಾಯಿಸಿಡು. ಮುಂದೆ ಏನಾದರೂ ಕೆಟ್ಟು ಬಿಚ್ಚಬೇಕಾದರೂ ಆ ದಾರದ ಹತ್ತಿರ ನಿಲ್ಲುತ್ತದೆ. ನಾನೂ ಈಗ ಇಪ್ಪತ್ತು ಸಾಲಿಗೊಂದು ಹಾಯಿಸುತ್ತೇನೆ.

ಈಗ ಹೊತ್ತು ಮುಳುಗುವುದು ಆರರ ಸುಮಾರಿಗೆ. ಹಿಮ ಕರಗಲು ಇನ್ನೂ ಸಮಯವಿದೆ, ಅಷ್ಟರಲ್ಲಿ ಬಲತೋಳು ಮುಗಿಯುತ್ತದೆ. ಒಂದು ಉಪಕಾರ ಮಾಡು. ನಿನ್ನ ಅಳತೆ ತೆಗೆದದ್ದು ಆಗಸ್ಟಿನಲ್ಲಿ, ಅದೂ ತೆಳು ಅಂಗಿಯ ಮೇಲೆ. ಈಗ ಒಳಗೆ ದಪ್ಪ ಬನಿಯನ್ ಹಾಕಿಕೊಂಡು, ಮೊಣಕೈ ತುಸು ಮಡಿಸಿ, ಕಂಕುಳಿನಿಂದ ಮಣಿಕಟ್ಟಿನ ಮೂಳೆಯವರೆಗೆ ಗೆಳತಿಯ ಕೈಯಲ್ಲಿ ಅಳೆಯಿಸಿ ಕಳಿಸು. ಎರಡೂ ತೋಳಿನದು. ಎಡತೋಳು ಗಿಡ್ಡವಾಗಿದ್ದರೆ ಅದರ ಅಂಚು ಬಿಚ್ಚಿ ಉದ್ದ ಮಾಡುತ್ತೇನೆ, ಅದಕ್ಕೆಂದೇ ಒಂದು ಉಂಡೆ ಉಲ್ಲನ್ ತೆಗೆದಿಟ್ಟಿದ್ದೇನೆ.

ನಿನ್ನ
ಅಮ್ಮ