ಒಂದು ಕುದುರೆ ತಾನೇ ಅನ್ನಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಬೆಳ್ಳಿ ಹೋಗಿ ಇಪ್ಪತ್ತು ದಿನ ಆಯಿತು. ಅವಳು ನಾವು ಬಿಡಿಸಿಕೊಂಡು ಬಂದ ಮುದಿ ಕುದುರೆ. ಬಂದಾಗ ಪಕ್ಕೆಲುಬು ಒಂದೊಂದನ್ನೂ ಎಣಿಸಬಹುದಿತ್ತು, ಗೊರಸು ಬೆಳೆದು ಬಾಗಿ ಸರಿಯಾಗಿ ಹೆಜ್ಜೆ ಇಡೋಕೂ ಆಗುತ್ತಿರಲಿಲ್ಲ, ಯಾರಾದರೂ ಕೈ ಎತ್ತಿದರೆ ಸಾಕು, ಬೆದರಿ ಹಿಂದೆ ಸರಿಯುತ್ತಿದ್ದಳು. ಈಗ ಲಾಯದಲ್ಲಿ ಅವಳ ಜಾಗ ಖಾಲಿ. ದುಃಖ ಹೇಳಿಕೊಂಡರೆ ಬರುವ ಮಾತು ಒಂದೇ: "ಒಂದು ಕುದುರೆ ತಾನೇ, ಇನ್ನೊಂದು ತಂದರಾಯಿತು." ಅದಕ್ಕೇ ಈ ಪತ್ರ.

ಹಸಿದು ಬಂದ ಕುದುರೆಗೆ ಹೊಟ್ಟೆ ತುಂಬ ಕಾಳು ಹಾಕಬೇಕು ಅಂತ ನಾನು ಹೊರಟಿದ್ದೆ. ಡಾಕ್ಟರು ತಡೆದರು. ಬಹಳ ದಿನ ಉಪವಾಸ ಬಿದ್ದ ಮೈಗೆ ಒಮ್ಮೆಲೇ ಕಾಳು ಕೊಟ್ಟರೆ ರಕ್ತದಲ್ಲಿ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯವೇ ಕೈಕೊಡಬಹುದಂತೆ. ಹಾಗಾಗಿ ಮೊದಲ ಕೆಲವು ದಿನ ಹಗಲು ರಾತ್ರಿ ನಾಲ್ಕು ಗಂಟೆಗೊಮ್ಮೆ ಎದ್ದು ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಅನ್ನೋ ಮೇವು) ಸ್ವಲ್ಪ ಸ್ವಲ್ಪವೇ ತಿನ್ನಿಸಿದೆವು. ಗೊರಸು ಮೇಲಿಂದ ಕೆಳಗೆ ಪೂರ್ತಿ ಹೊಸದಾಗಿ ಬರೋಕೆ ಸುಮಾರು ಒಂದು ವರ್ಷ ಬೇಕು. ಭಯ ಹೋಗೋಕೂ ಅಷ್ಟೇ ಸಮಯ ಹಿಡಿಯಿತು.

ಕುದುರೆ ನಿಂತೇ ತೂಕಡಿಸುತ್ತದೆ, ನಿಜ. ಆದರೆ ಗಾಢ ನಿದ್ದೆಗೆ ಅದು ಮಲಗಲೇಬೇಕು, ಹೆದರಿಕೆ ಇರುವ ಕಡೆ ಮಲಗೋದಿಲ್ಲ. ಬೆಳ್ಳಿ ಎಷ್ಟೋ ತಿಂಗಳು ನಮ್ಮ ಎದುರಿಗೆ ಮಲಗಲೇ ಇಲ್ಲ. ಒಂದು ದಿನ ನಾನು ಅಲ್ಲೇ ಹುಲ್ಲು ಹರಡುತ್ತಿದ್ದೆ, ಅವಳು ಮೊಣಕಾಲೂರಿ ಕೂತು, ಆಮೇಲೆ ಪಕ್ಕಕ್ಕೆ ಉರುಳಿ, ಕಾಲು ಚಾಚಿ ನಿದ್ದೆ ಹೋದಳು. ಎದ್ದುಬಿಟ್ಟಾಳು ಅಂತ ನಾನು ಅಲ್ಲಾಡದೆ ನಿಂತಿದ್ದೆ.

ಹೋಗಿದ್ದು ಹೊಟ್ಟೆಶೂಲೆಯಿಂದ. ಕುದುರೆಗೆ ವಾಂತಿ ಮಾಡೋಕೆ ಆಗೋದಿಲ್ಲ, ಹಾಗಾಗಿ ಅವಕ್ಕೆ ಹೊಟ್ಟೆನೋವು ಸಣ್ಣ ಕಾಯಿಲೆ ಅಲ್ಲ. ಅವತ್ತು ಲದ್ದಿ ಹಾಕಿರಲಿಲ್ಲ. ಸಂಜೆ ಮುಂಗಾಲಿಂದ ನೆಲ ಕೆರೆಯುತ್ತಿದ್ದಳು, ಮತ್ತೆ ಮತ್ತೆ ತಿರುಗಿ ಹೊಟ್ಟೆ ಕಡೆ ನೋಡುತ್ತಿದ್ದಳು, ಮಲಗುವುದು, ಏಳುವುದು, ಮತ್ತೆ ಮಲಗುವುದು. ಸುಮ್ನೆ ನಿಂತ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಸಲ ಬಡಿಯಬೇಕು, ಅವಳದು 90 ದಾಟಿತ್ತು. ಕರುಳು ತಿರುಚಿಕೊಂಡಿದೆ, ಆಪರೇಷನ್ ತಡೆದುಕೊಳ್ಳುವ ಸ್ಥಿತಿಯಲ್ಲಿ ಇಲ್ಲ ಅಂದರು ಡಾಕ್ಟರು. ದಯಾಮರಣಕ್ಕೆ ಒಪ್ಪಿದವನು ನಾನೇ.

ಅವಳಿಗೆ ಆ ನೋವು ಇನ್ನೂ ಉಳಿಯಬಾರದಿತ್ತು, ಅದು ನನಗೆ ಗೊತ್ತು. ಆದರೂ ಇಂಜೆಕ್ಷನ್ ಕೊಡುವಾಗ ಹಣೆಯನ್ನು ನನ್ನ ಎದೆಗೆ ಒತ್ತಿಕೊಂಡು ನಿಂತಿದ್ದಳು. ಕೈ ಎತ್ತಿದರೆ ಬೆದರುತ್ತಿದ್ದವಳು ಅಷ್ಟು ನಂಬಿದ್ದಳು. ಮಧ್ಯಾಹ್ನವೇ ಲದ್ದಿ ಇಲ್ಲದ್ದನ್ನು ಗಮನಿಸಿದ್ದರೆ ಅಂತ ರಾತ್ರಿಯೆಲ್ಲ ಅದೇ ಯೋಚನೆ. "ಕೊನೆಗಾಲದಲ್ಲಿ ಸುಖವಾಗಿ ಇಟ್ಟಿದ್ದಿರಲ್ಲ" ಅಂತ ಸಮಾಧಾನ ಹೇಳುವವರಿದ್ದಾರೆ, ಒಳ್ಳೆ ಮನಸ್ಸಿಂದಲೇ ಹೇಳುತ್ತಾರೆ. ಆದರೆ ಅವಳ ಆಯಸ್ಸಿನಲ್ಲಿ ನಮಗೆ ಸಿಕ್ಕಿದ್ದು ಕೊನೆಯ ಎರಡೇ ವರ್ಷ. ಅದು ಜಾಸ್ತಿ ಅಂತ ನನಗೆ ಅನ್ನಿಸುತ್ತಿಲ್ಲ.

ಕುದುರೆ ಸಾಕುವವರಿಗೆ ಒಂದು ಮಾತು. ನೆಲ ಕೆರೆಯುವುದು, ಹೊಟ್ಟೆ ನೋಡಿಕೊಳ್ಳುವುದು, ಮೇವು ಬಿಡುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಡಾಕ್ಟರನ್ನು ಕರೆಸಿ. ಪತ್ರಿಕೆಯವರು ಈ ಲಕ್ಷಣಗಳ ಬಗ್ಗೆ ವಿವರವಾಗಿ ಬರೆದರೆ ಉಪಕಾರ. ಇನ್ನೊಂದು, ಜೊತೆಗೆ ಬೇರೆ ಕುದುರೆ ಇದ್ದರೆ ಸತ್ತದ್ದನ್ನು ಅದರ ಕಣ್ಣಿಗೆ ಕಾಣದ ಹಾಗೆ ಅವಸರದಲ್ಲಿ ಸಾಗಿಸಬೇಡಿ. ನಾವು ನಮ್ಮ ಗಂಡು ಕುದುರೆಯನ್ನು ಬೆಳ್ಳಿಯ ಹತ್ತಿರ ಬಿಟ್ಟೆವು. ಕುತ್ತಿಗೆ ಮೂಸಿದ, ಮೂತಿಯಿಂದ ಒಮ್ಮೆ ತಳ್ಳಿ ನೋಡಿದ, ಬಹಳ ಹೊತ್ತು ಪಕ್ಕದಲ್ಲೇ ನಿಂತ, ಆಮೇಲೆ ತಾನಾಗಿ ದೂರ ಹೋದ. ಮೇವು ಈಗ ತಿನ್ನುತ್ತಿದ್ದಾನೆ. ಸಂಜೆ ಹೊತ್ತು ಮಾತ್ರ ಬೇಲಿ ಹತ್ತಿರ ನಿಂತು ಕೆನೆಯುತ್ತಾನೆ, ನಾನು ಹೋಗಿ ಅವನ ಜೊತೆ ನಿಂತುಕೊಳ್ಳುತ್ತೇನೆ.

ಇಂತಿ,
ಒಬ್ಬ ಓದುಗ