ಮಗಳಿಗೊಂದು ಪತ್ರ: ನಾಯಕಿಯಲ್ಲದವಳ ವೃತ್ತಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಹೊಸ ಧಾರಾವಾಹಿಯಲ್ಲಿಯೂ ನಿನಗೆ ನಾಯಕಿಯ ಅತ್ತೆಯ ಪಾತ್ರವೇ ಬಂದಿದೆ ಎಂದು ಬೇಸರದಿಂದ ಬರೆದಿದ್ದೀಯೆ. ಸಮಾಧಾನದ ಮಾತು ನಿನಗೆ ಹಿಡಿಸುವುದಿಲ್ಲವೆಂದು ಬಲ್ಲೆ. ಆದ್ದರಿಂದ, ನಾನು ಬಹುಕಾಲದಿಂದ ಮೆಚ್ಚಿಕೊಂಡು ನೋಡುತ್ತ ಬಂದಿರುವ ಅಮೆರಿಕದ ಒಬ್ಬ ಪೋಷಕ ನಟಿಯ ವಿಚಾರ ಬರೆಯುತ್ತೇನೆ. ಅವರ ಹೆಸರು ಮಾರ್ಗೋ ಮಾರ್ಟಿಂಡೇಲ್. ಹೆಸರು ಹೇಳಿದರೆ ಗೊತ್ತಿಲ್ಲವೆಂದು ತಲೆಯಾಡಿಸುವವರು, ಮುಖ ತೋರಿಸಿದೊಡನೆ ‘ಓ, ಇವರಾ!’ ಎನ್ನುತ್ತಾರೆ.

1951ರಲ್ಲಿ ಟೆಕ್ಸಾಸಿನ ಜಾಕ್ಸನ್‌ವಿಲ್‌ನಲ್ಲಿ ಹುಟ್ಟಿದ ಅವರು, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ರಂಗತಂಡದಲ್ಲಿ ಕೆಲವು ವರ್ಷ ದುಡಿದರು. 1987ರಲ್ಲಿ ನ್ಯೂಯಾರ್ಕಿನಲ್ಲಿ ‘ಸ್ಟೀಲ್ ಮ್ಯಾಗ್ನೋಲಿಯಾಸ್’ ನಾಟಕ ಮೊದಲ ಬಾರಿಗೆ ರಂಗಕ್ಕೆ ಬಂದಾಗ, ಬ್ಯೂಟಿ ಪಾರ್ಲರ್ ನಡೆಸುವ ಟ್ರೂವಿಯ ಪಾತ್ರ ಅವರದಾಗಿತ್ತು. ಎರಡು ವರ್ಷದ ನಂತರ ಅದೇ ನಾಟಕ ಚಲನಚಿತ್ರವಾಯಿತು. ಟ್ರೂವಿಯಾಗಿ ತೆರೆಯ ಮೇಲೆ ಬಂದವರು ಪ್ರಸಿದ್ಧ ಗಾಯಕಿ ಡಾಲಿ ಪಾರ್ಟನ್. ಪಾತ್ರವನ್ನು ಮೊದಲು ಕಟ್ಟಿ ನಿಲ್ಲಿಸಿದವರಿಗಿಂತ ಟಿಕೆಟ್ ಮಾರುವ ಹೆಸರಿಗೇ ಸಿನಿಮಾದವರು ಮಣೆ ಹಾಕುತ್ತಾರೆ. ಅದು ಅಲ್ಲಿಯೂ ಹಾಗೆಯೇ, ಇಲ್ಲಿಯೂ ಹಾಗೆಯೇ.

ಮುಂದಿನ ಎರಡು ದಶಕ ನರ್ಸು, ನೆರೆಮನೆಯಾಕೆ, ತಾಯಿ ಹೀಗೆ ಸಿಕ್ಕಿದ್ದನ್ನೆಲ್ಲ ಅವರು ಮಾಡಿದರು. 2004ರ ‘ಮಿಲಿಯನ್ ಡಾಲರ್ ಬೇಬಿ’ಯಲ್ಲಿ ಬಾಕ್ಸಿಂಗ್‌ನಲ್ಲಿ ಗೆದ್ದ ಹಣದಿಂದ ಮಗಳು ಮನೆ ಕೊಡಿಸಿದರೆ, ಸರ್ಕಾರದ ನೆರವು ನಿಂತುಹೋದೀತೆಂದು ಅವಳ ಮೇಲೆಯೇ ಸಿಡುಕುವ ತಾಯಿ ಅವರೇ. ತೆರೆಯ ಮೇಲಿರುವುದು ಕೆಲವೇ ನಿಮಿಷ. ಆದರೂ ಆ ಮಗಳು ಎಂತಹ ಮನೆಯಿಂದ ಓಡಿಬಂದಿರಬಹುದೆಂಬುದು ನಮಗೆ ಅಷ್ಟರಲ್ಲಿಯೇ ತಿಳಿದುಹೋಗುತ್ತದೆ.

ನೀನು ತಪ್ಪದೆ ನೋಡಬೇಕಾದದ್ದು ‘ಜಸ್ಟಿಫೈಡ್’ ಧಾರಾವಾಹಿಯ ಎರಡನೆಯ ಸೀಸನ್. 2011ರಲ್ಲಿ ಪ್ರಸಾರವಾದ ಅದರಲ್ಲಿ ಮಾರ್ಟಿಂಡೇಲ್, ಕೆಂಟಕಿಯ ಹಾರ್ಲನ್ ಸೀಮೆಯಲ್ಲಿ ಅಂಗಡಿಯನ್ನೂ ಗಾಂಜಾ ದಂಧೆಯನ್ನೂ ಒಟ್ಟಿಗೆ ನಡೆಸುವ ಮ್ಯಾಗ್ಸ್ ಬೆನೆಟ್ ಎಂಬ ತಾಯಿ. ತನಗೆ ತಿಳಿಸದೆ ಹೊರಗಿನ ಪೊಲೀಸರಿಗೆ ದೂರು ಕೊಟ್ಟ ಒಬ್ಬನ ಮನೆಗೆ ಆಕೆ ತಾನೇ ಕಾಯಿಸಿದ ಕಳ್ಳಭಟ್ಟಿಯ ಜಾಡಿ ಹಿಡಿದು ಹೋಗುತ್ತಾಳೆ. ಬಹುದಿನದ ನಂತರ ಬಂದ ನೆಂಟಳಂತೆ ಹರಟುತ್ತಾಳೆ. ಅವನು ಕುಡಿದು ತತ್ತರಿಸತೊಡಗಿದಾಗ, ವಿಷವಿದ್ದದ್ದು ಜಾಡಿಯಲ್ಲಲ್ಲ, ಮೊದಲೇ ಲೋಟದಲ್ಲಿತ್ತೆಂದು ಮೆಲ್ಲನೆ ತಿಳಿಸುತ್ತಾಳೆ; ತಾನೇ ಕೊಲ್ಲುತ್ತಿರುವ ಆ ಮನುಷ್ಯನ ಕೈ ಹಿಡಿದುಕೊಂಡು ಮಕ್ಕಳನ್ನು ಮಲಗಿಸುವ ದನಿಯಲ್ಲಿ ಮಾತನಾಡುತ್ತಾಳೆ. ಎಲ್ಲಿಯೂ ದನಿ ಏರುವುದಿಲ್ಲ, ಹುಬ್ಬು ಗಂಟಿಕ್ಕುವುದಿಲ್ಲ. ನಮ್ಮಲ್ಲಾಗಿದ್ದರೆ ಗುಡುಗಿನ ಸದ್ದು ಕೇಳಿಸಿ, ಆಕೆಯ ಮುಖವನ್ನು ಮೂರು ಕೋನಗಳಿಂದ ತೋರಿಸುತ್ತಿದ್ದರೇನೋ! ಆ ಕನಿಕರ ನಾಟಕವೆಂದು ನನಗೆ ಅನ್ನಿಸಲೇ ಇಲ್ಲ. ಕೊಲ್ಲುವುದೂ ನಿಜ, ಮರುಗುವುದೂ ನಿಜ. ಎರಡನ್ನೂ ಒಂದೇ ಮುಖದಲ್ಲಿ ಹಿಡಿದಿಡುವುದಕ್ಕೆ ಬಹುಶಃ ಅಷ್ಟು ವರ್ಷದ ಕೆಲಸವೇ ಬೇಕಿತ್ತು. ಆ ಪಾತ್ರಕ್ಕೆ ಅತ್ಯುತ್ತಮ ಪೋಷಕ ನಟಿಯೆಂದು ಅಮೆರಿಕದ ಟಿವಿ ಲೋಕದ ಎಮ್ಮಿ ಪ್ರಶಸ್ತಿ ಬಂದಾಗ ಅವರಿಗೆ ಅರವತ್ತು ವಯಸ್ಸು.

ಇಂತಹವರ ದುಡಿಮೆ ಎಷ್ಟು ಚೂರುಚೂರಾಗಿ ಸಾಗುತ್ತದೆಂಬುದು ಅನಂತರದ ವರ್ಷಗಳಲ್ಲಿ ಕಾಣುತ್ತದೆ. ‘ದಿ ಅಮೆರಿಕನ್ಸ್’ ಧಾರಾವಾಹಿಯಲ್ಲಿ ಸೋವಿಯತ್ ಗೂಢಚಾರರಿಗೆ ಆದೇಶ ತಲುಪಿಸುವ ಕ್ಲಾಡಿಯಾ ಆಗಿದ್ದವರು, 2013ರಲ್ಲಿ ‘ದಿ ಮಿಲ್ಲರ್ಸ್’ ಎಂಬ ಹಾಸ್ಯ ಧಾರಾವಾಹಿಯಲ್ಲಿ ಖಾಯಂ ಪಾತ್ರ ಒಪ್ಪಿಕೊಂಡದ್ದರಿಂದ ಕ್ಲಾಡಿಯಾ ಕೆಲವೇ ಕಂತುಗಳ ಅತಿಥಿಯಾಗಬೇಕಾಯಿತು. ಹಾಸ್ಯ ಧಾರಾವಾಹಿ ಎರಡನೆಯ ಸೀಸನ್ನಿನ ನಡುವೆಯೇ ನಿಂತುಹೋಯಿತು. ಬಿಡುವು ನೋಡಿಕೊಂಡು ಮಾಡಿದ ಆ ಅತಿಥಿ ಪಾತ್ರಕ್ಕೆ ಮಾತ್ರ 2015 ಮತ್ತು 2016ರಲ್ಲಿ ಸಾಲಾಗಿ ಎರಡು ಎಮ್ಮಿ ಬಂದವು. ಯಾವ ಕಾಲ್‌ಶೀಟ್ ಯಾವ ಫಲ ಕೊಡುತ್ತದೆಂದು ಸಹಿ ಹಾಕುವಾಗ ಯಾರಿಗೂ ತಿಳಿದಿರುವುದಿಲ್ಲ.

‘ಬೋಜ್ಯಾಕ್ ಹಾರ್ಸ್‌ಮನ್’ ಎಂಬ ಅನಿಮೇಷನ್ ಸರಣಿಯಲ್ಲಿ ಅವರನ್ನು ಪ್ರತಿಸಲವೂ ‘ಪೋಷಕ ನಟಿ ಮಾರ್ಗೋ ಮಾರ್ಟಿಂಡೇಲ್’ ಎಂದೇ ಕರೆದು, ಹುಚ್ಚಾಪಟ್ಟೆ ಅಪರಾಧಗಳನ್ನು ಮಾಡಿಸಿ ನಗಿಸುತ್ತಾರೆ, ದನಿ ಅವರದೇ. ಬಿರುದಿನಂತೆ ಅಂಟಿಕೊಂಡ ಆ ಮಾತನ್ನು ಅವರು ತಮಾಷೆಯಾಗಿಯೇ ಹೊತ್ತುಕೊಂಡಿರುವುದು ನನಗೆ ಪ್ರಶಸ್ತಿಗಳಿಗಿಂತ ಹೆಚ್ಚು ಇಷ್ಟವಾಯಿತು. 2024ರ ಕೊನೆಯಲ್ಲಿ ಬಂದ ‘ದಿ ಸ್ಟಿಕಿ’ ಸರಣಿಗೆ ಅವರೇ ನಾಯಕಿ. ಆಗ ಎಪ್ಪತ್ಮೂರು ವಯಸ್ಸು.

ಮ್ಯಾಗ್ಸ್ ಕಾಣಿಸಿಕೊಳ್ಳುವ ಮೊದಲ ಕಂತನ್ನು ಚಿತ್ರೀಕರಣವಿಲ್ಲದ ಒಂದು ದಿನ ನೋಡು. ಎದುರಿನವರು ಮಾತನಾಡುತ್ತಿರುವಾಗ ಆಕೆಯ ಕಣ್ಣು, ಕೈ ಏನು ಮಾಡುತ್ತಿರುತ್ತವೆಂದು ಗಮನಿಸಿ ನನಗೆ ಬರೆ. ನಿನ್ನ ಅತ್ತೆ ಸೊಸೆಯನ್ನು ಯಾಕೆ ಅಷ್ಟು ದ್ವೇಷಿಸುತ್ತಾಳೆಂದು ನಿರ್ದೇಶಕರನ್ನು ಕೇಳಿದೆಯಾ? ಅವರ ಬಳಿ ಉತ್ತರವಿಲ್ಲದಿದ್ದರೆ ನೀನೇ ಒಂದನ್ನು ಹುಡುಕಿಕೋ, ಅದನ್ನೂ ಬರೆ.

ಇಂತಿ,
ನಿನ್ನ ಅಮ್ಮ