ಎಲ್ಲದಕ್ಕೂ ಟವರ್ ಮೇಲೆ ಗೂಬೆ ಕೂರಿಸ್ಬೇಡಿ

ಸಂಪಾದಕರೇ, ನಮಸ್ಕಾರ.

ಕೊಡಗಲ್ಲಿ ಯಾವ ಆ್ಯಪ್ ತಡವರಿಸಿದ್ರೂ ಕಸ್ಟಮರ್ ಕೇರ್‌ನವ್ರದ್ದು ಒಂದೇ ರಾಗ, "ನಿಮ್ಮಲ್ಲಿ ನೆಟ್‌ವರ್ಕ್ ಇಲ್ಲ ಸರ್". ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಹಿಂದೆನೇ ಟವರೂ ಹೋಗ್ತದೆ, ಒಪ್ತೀನಿ. ಆದ್ರೆ ನಾನು ಕಾಫಿ ರೇಟ್ ನೋಡೋ ಒಂದು ಆ್ಯಪಲ್ಲಿ ಲಿಸ್ಟ್ ಪೂರ್ತಿ ಲೋಡ್ ಆದ್ಮೇಲೆ ಫ್ಲೈಟ್ ಮೋಡ್ ಹಾಕಿ ಅರೇಬಿಕಾ ಪಾರ್ಚ್‌ಮೆಂಟಿಂದ ರೋಬಸ್ಟಾ ಚೆರ್ರಿಗೆ ಸ್ಕ್ರಾಲ್ ಮಾಡಿದ್ರೂ ಗಕ್ಕ ಗಕ್ಕ ಅಂತ ನಿಲ್ತದೆ, ಇದಕ್ಕೂ ಟವರಿಗೂ ಏನ್ರೀ ಸಂಬಂಧ?

ಇದನ್ನ ನೋಡೋಕೆ ಇಂಜಿನಿಯರೇ ಆಗ್ಬೇಕಂತಿಲ್ಲ. ಆಂಡ್ರಾಯ್ಡ್ ಸೆಟ್ಟಿಂಗ್ಸಲ್ಲಿ ಬಿಲ್ಡ್ ನಂಬರನ್ನ 7 ಸಲ ಒತ್ತಿದ್ರೆ ಡೆವಲಪರ್ ಆಪ್ಷನ್ಸ್ ಬರ್ತದೆ, ಅದ್ರಲ್ಲಿ ಪ್ರೊಫೈಲ್ ಎಚ್‌ಡಬ್ಲ್ಯುಯುಐ ರೆಂಡರಿಂಗ್ ಅಂತ ಇದೆ, ಹಳೇ ಫೋನಲ್ಲಿ ಪ್ರೊಫೈಲ್ ಜಿಪಿಯು ರೆಂಡರಿಂಗ್ ಅಂತಿರ್ತದೆ (ಜಿಪಿಯು ಅಂದ್ರೆ ಚಿತ್ರ ಬಿಡಿಸೋ ಚಿಪ್), ಆನ್ ಮಾಡಿದ್ರೆ ಸ್ಕ್ರೀನ್ ಮೇಲೆ ಬಣ್ಣಬಣ್ಣದ ಕಡ್ಡಿಗಳು ಏಳ್ತವೆ. ಒಂದೊಂದು ಕಡ್ಡಿ ಒಂದೊಂದು ಫ್ರೇಮ್, ಅಂದ್ರೆ ಸ್ಕ್ರೀನ್ ಮೇಲೆ ಬರೋ ಒಂದು ಚಿತ್ರ, ಉದ್ದ ಆದಷ್ಟೂ ಜಾಸ್ತಿ ಟೈಮ್ ತಿಂದಿದೆ ಅಂತ. ಅಡ್ಡಕ್ಕೆ ಒಂದು ಹಸಿರು ಗೆರೆ. 60 ಹರ್ಟ್ಸ್ ಸ್ಕ್ರೀನಲ್ಲಿ, ಅಂದ್ರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಯಿಸೋ ಸ್ಕ್ರೀನಲ್ಲಿ, ಒಂದು ಫ್ರೇಮಿಗೆ ಸಿಗೋದೇ 16.67 ಮಿಲಿಸೆಕೆಂಡ್, ಕಡ್ಡಿ ಆ ಗೆರೆ ದಾಟ್ತು ಅಂದ್ರೆ ಟೈಮಿಗೆ ಚಿತ್ರ ಬರ್ಲಿಲ್ಲ ಅಂತಾನೇ ಲೆಕ್ಕ. ಗೇಮ್‌ಗಳು ಹೆಚ್ಚಿನವು ಇದ್ರಲ್ಲಿ ಕಾಣಲ್ಲ, ಅವು ತಮ್ಮದೇ ದಾರೀಲಿ ಚಿತ್ರ ಬಿಡಿಸ್ಕೊಳ್ತವೆ.

ಅಲ್ಲೇ ಡೀಬಗ್ ಜಿಪಿಯು ಓವರ್‌ಡ್ರಾ ಅಂತ ಇನ್ನೊಂದಿದೆ. ಅದನ್ನ ಹಾಕಿದ ತಕ್ಷಣ ನಮ್ಮ ರೇಟ್ ಆ್ಯಪ್ ಕೆಂಪೋ ಕೆಂಪು! ಕೆಂಪು ಅಂದ್ರೆ ಸ್ಕ್ರೀನಿನ ಒಂದೇ ಚುಕ್ಕೆ (ಪಿಕ್ಸೆಲ್) ಮೇಲೆ ನಾಲ್ಕೋ ಅದಕ್ಕಿಂತ ಜಾಸ್ತಿನೋ ಸಲ ಮತ್ತೆ ಮತ್ತೆ ಬಿಡಿಸಿದ್ದಾರೆ ಅಂತ, ಒಂದೇ ಗೋಡೆಗೆ ಸುಮ್ನೆ ಸುಣ್ಣದ ಮೇಲೆ ಸುಣ್ಣ ಬಳಿದಂಗೆ. ಕಮ್ಮಿ ರೇಟಿನ ಫೋನ್ ಇದನ್ನ ಹೆಂಗೆ ತಡ್ಕೊಳ್ತದೆ ಹೇಳಿ.

ನಿಮ್ಮ ಪೇಪರಲ್ಲಿ ಬರೋ ಮೊಬೈಲ್ ರಿವ್ಯೂ ಬಗ್ಗೆನೂ ಒಂದು ಮಾತು. ಬರೀ ಸರಾಸರಿ ಎಫ್‌ಪಿಎಸ್, ಅಂದ್ರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು, ಹಾಕ್ತೀರಿ. ಒಂದು ಸೆಕೆಂಡಲ್ಲಿ 50 ಫ್ರೇಮ್ 16.67 ಮಿಲಿಸೆಕೆಂಡಿಗೊಂದರಂಗೆ ಚೆಂದ ಬಂದು ಆಮೇಲೆ ಏನೂ ಬರ್ದೆ ನಿಂತ್ರೂ ಸರಾಸರಿ 50 ಅಂತಾನೇ ಬರ್ತದೆ, ನೋಡೋಕೂ ಒಳ್ಳೆ ನಂಬರ್ರೇ, ಆದ್ರೆ ಕಣ್ಣಿಗೆ ಸುಮಾರು 167 ಮಿಲಿಸೆಕೆಂಡ್ ಫೋನ್ ಸತ್ತಂಗೆ. ಅದಕ್ಕೇ ಫ್ರೇಮ್ ಟೈಮ್ ಹಾಕಿ, 1 ಪರ್ಸೆಂಟ್ ಲೋ (ಅತಿ ನಿಧಾನ ಬಂದ ನೂರಕ್ಕೊಂದು ಪಾಲು ಫ್ರೇಮ್‌ಗಳ ಸ್ಪೀಡ್) ಹಾಕಿ, ಅರ್ಧ ಗಂಟೆ ಬಳಸಿ ಫೋನ್ ಬಿಸಿ ಆದ್ಮೇಲೆ ಎಷ್ಟಕ್ಕಿಳೀತು ಅದನ್ನೂ ಹಾಕಿ. ಆ್ಯಪ್ ಮಾಡೋರು ತಮ್ಮ ದುಬಾರಿ ಫೋನ್ ಬದಿಗಿಟ್ಟು ತೋಟದಲ್ಲಿ ಕೆಲಸ ಮಾಡೋರ ಜೇಬಲ್ಲಿರೋ ಫೋನಲ್ಲಿ ಒಮ್ಮೆ ಸ್ಕ್ರಾಲ್ ಮಾಡಿ ನೋಡ್ಲಿ, ನೆಟ್‌ವರ್ಕ್ ಕಥೆ ಆಮೇಲೆ ಹೇಳ್ಲಿ.

ಇಂತಿ,
ನಿಮ್ಮ ಓದುಗ, ಸೋಮವಾರಪೇಟೆ